ಕಲ್ಲು ತಾನೇ, ಸವೆಯುತ್ತಾ?

ಮಳೆ ಹಿಡಿದು ಮೂರು ದಿನ. ಕರೆಂಟು ಹೋಗಿಯೂ ಮೂರು ದಿನ. ಸೋಮವಾರಪೇಟೆ ಕಡೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಮಾರನೇ ದಿನ ನಾಮಕರಣಕ್ಕೆ ಹೋಗಬೇಕಿತ್ತು. ಟ್ರಿಮ್ಮರ್ ನನ್ನ ಬಲಗೆನ್ನೆ ಮುಗಿಸಿ, ಗುಂಯ್ ಅಂತ ಒಮ್ಮೆ ನರಳಿ ನಿಂತುಬಿಟ್ಟಿತು. ಎಡಗೆನ್ನೆಯಲ್ಲಿ ಎರಡು ವಾರದ ಕಾಡು ಹಾಗೇ ಇತ್ತು.

ಪೇಟೆಗೆ ಹೋಗಿ ಬ್ಲೇಡ್ ತರೋಣ ಅಂದರೆ ಮರ ಬಿದ್ದು ದಾರಿ ಬಂದ್. ಉಳಿದದ್ದು ಅಜ್ಜನ ಕ್ಷೌರದ ಕತ್ತಿ. ಅಜ್ಜ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ತನ್ನೂರಿಗೆ ಹೊರಟ ತೋಟದ ಬಿಳಿ ದೊರೆ ಕೊಟ್ಟುಹೋದ ಇಂಗ್ಲೆಂಡಿನ ಶೆಫೀಲ್ಡ್ ಕತ್ತಿ ಅದು, ಜೊತೆಗೆ ಒಂದು ಸಾಣೆಕಲ್ಲು. ಮೇಲೆ ಬೆಣ್ಣೆ ಬಣ್ಣ, ಕೆಳಗೆ ಅಂಟಿಸಿದ ಕಪ್ಪು ಕಲ್ಲಿನ ಬೆನ್ನು. ಬೆಲ್ಜಿಯಂನ ಆರ್ಡೆನ್ ಗುಡ್ಡಗಳಲ್ಲಿ ಸಿಗುವ ಇದಕ್ಕೆ ಕೋಟಿಕ್ಯೂಲ್ ಅಂತ ಹೆಸರು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು. ಉಕ್ಕನ್ನು ಸವೆಸುವುದು ಅವೇ. ಎಣ್ಣೆ ಬೇಡ, ನೀರು ಸಾಕು.

ಕತ್ತಿ ಪೆಟ್ಟಿಗೆಯಲ್ಲಿತ್ತು. ಕಲ್ಲು ಇರಲಿಲ್ಲ.

"ಮಾವ ತಗೊಂಡು ಹೋದ್ರಲ್ಲ, ಮರಗಸಿ ಟೈಮಲ್ಲಿ" ಅಂದಳು ಹೆಂಡತಿ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಆಗಿದ್ದು ಮಳೆಗೆ ಮುಂಚೆ. ಈಗ ಆಷಾಢ.

ಮಾವ ಅಂದರೆ ಪಕ್ಕದ ತೋಟದವರು. ರಕ್ತಸಂಬಂಧ ಏನಿಲ್ಲ, ಬೇಲಿ ಸಂಬಂಧ. ಕೇಳಿ ತಗೊಂಡು ಹೋಗುತ್ತಾರೆ, ಕೇಳಿದರಷ್ಟೇ ವಾಪಸ್ ಕೊಡುತ್ತಾರೆ. ಏಣಿ, ಸ್ಪ್ರೇಯರ್, ಮೆಣಸು ಒಣಗಿಸುವ ಟಾರ್ಪಾಲು, ಎಲ್ಲ ಅವರಲ್ಲಿ ಸ್ವಲ್ಪ ಕಾಲ ಸಂಸಾರ ಮಾಡಿ ಬಂದವೇ. ಅದಕ್ಕೆಲ್ಲ ನನಗೆ ಬೇಜಾರಿಲ್ಲ. ಕಲ್ಲಿನ ವಿಷಯದಲ್ಲಿ ಮಾತ್ರ ಹೊಟ್ಟೆ ಉರಿಯುತ್ತದೆ. ಕಾಡು ಕಡಿಯುವ ಕತ್ತಿಯನ್ನು ಅದರ ಮೇಲೆ ಗರ ಗರ ಉಜ್ಜುತ್ತಾರೆ. ಬೇಡ ಮಾವ ಅಂದರೆ ಒಂದೇ ಮಾತು: "ಕಲ್ಲು ತಾನೇ, ಸವೆಯುತ್ತಾ?"

ಹೋದ ವರ್ಷ ಬುದ್ಧಿ ಉಪಯೋಗಿಸಿ, ಇದರಲ್ಲಿರೋದು ಬೆಲೆಬಾಳುವ ಜಾತಿ, ನವರತ್ನದ ಗೋಮೇಧಿಕದ ದಾಯಾದಿ, ಹುಷಾರು ಅಂದಿದ್ದೆ. ಸುಳ್ಳೇನಲ್ಲ, ಗೋಮೇಧಿಕವೂ ಗಾರ್ನೆಟ್ಟೇ. ಮಾವನ ಕಣ್ಣು ಅಗಲವಾಯಿತು. "ಗೋಮೇಧಿಕ ರಾಹುವಿಗೆ ಒಳ್ಳೇದಲ್ವೇನೋ!" ಅಂದರು. ಅವರಿಗೆ ರಾಹು ದೆಸೆ ನಡೆಯುತ್ತಿತ್ತಂತೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದ ಕಲ್ಲು ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿತು. ಮೊಂಡಾಗದ ಕತ್ತಿಯನ್ನೂ ಮಸೆದರು. ಮಸೆದ ನೀರನ್ನು ತುಳಸಿಕಟ್ಟೆಗೆ ಸುರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಕೊಡೆ ಹಿಡಿದು ಹೋದೆ. ಮಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ನನ್ನ ಬಲಗೆನ್ನೆ ನೋಡಿದರು, ಎದ್ದು ಈ ಕಡೆ ಬಂದು ಎಡಗೆನ್ನೆ ನೋಡಿದರು. "ಇದೇನೋ, ಒಂದು ಸೈಡು ಮರಗಸಿ ಮಾಡಿ ಆಳುಗಳು ಓಡಿಹೋದ್ರಾ?"

ಕಲ್ಲು ಕೊಟ್ಟರು. ನಡುವೆ ದೋಣಿಯ ಹಾಗೆ ತಗ್ಗು.

ಕ್ಷೌರದ ಕತ್ತಿಗೆ ಕಲ್ಲು ಮಟ್ಟವಾಗಿಯೇ ಇರಬೇಕು. ಕತ್ತಿಯ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿಕೊಂಡು ಹೋಗಬೇಕು. ತಗ್ಗಿದ್ದರೆ ಅರ್ಧ ಬಾಯಿ ಕಲ್ಲು ಮಸೆಯುತ್ತದೆ, ಅರ್ಧ ಗಾಳಿ ಮಸೆಯುತ್ತದೆ. ಹಾಗಾಗಿ ಹಳೇ ಟೀಪಾಯಿಯ ಗಾಜಿನ ಮೇಲೆ ಎಮರಿ ಪೇಪರ್ ಒದ್ದೆ ಮಾಡಿ ಅಂಟಿಸಿದೆ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಎಳೆದು ಉಜ್ಜತೊಡಗಿದೆ. ಗೆರೆಯೆಲ್ಲ ಅಳಿಸಿದರೆ ಕಲ್ಲು ಮಟ್ಟ ಆಯಿತು ಅಂತ. ಅಂಚಿನ ಗೆರೆಗಳು ಬೇಗ ಹೋದವು. ನಡುವಿನವು ಒಂದು ಗಂಟೆಯಾದರೂ ನನ್ನನ್ನೇ ನೋಡುತ್ತಿದ್ದವು.

ಲಾಟೀನಿನ ಬೆಳಕಲ್ಲಿ ಹಳದಿ ಹಾಲಿನಂಥ ನೀರು ಬಚ್ಚಲಿಗೆ ಹರಿಯುತ್ತಿತ್ತು. ಈ ತಗ್ಗೆಲ್ಲ ಮಾವನದೇ ಅಲ್ಲವಲ್ಲ ಅಂತ ಆಗ ಹೊಳೆಯಿತು. ಅಜ್ಜ ವರ್ಷಗಟ್ಟಲೆ ಇದರ ಮೇಲೆ ಕೈ ಆಡಿಸಿದವರು, ಅವರದ್ದೂ ಒಂದು ಕೂದಲೆಳೆಯಷ್ಟು ಇರಬೇಕು. ಯಾವುದು ಯಾರದ್ದು ಅಂತ ಹೇಗೆ ಹೇಳುವುದು? ಸ್ವಲ್ಪ ಹೊತ್ತು ಕೈ ನಿಂತಿತು. ಆಮೇಲೆ ಎಡಗೆನ್ನೆ ತುರಿಸಿತು, ಮತ್ತೆ ಉಜ್ಜಿದೆ.

ಕಲ್ಲಿನ ಮೇಲೆ ಬಾಯಿ ಮುಂದೆ, ತೊಗಲಿನ ಮೇಲೆ ಬೆನ್ನು ಮುಂದೆ. ಇದು ಅಜ್ಜ ಹೇಳಿಕೊಟ್ಟದ್ದು. ಅಭ್ಯಾಸ ತಪ್ಪಿದ ನಾನು ತೊಗಲಿನ ಮೇಲೂ ಬಾಯಿಯನ್ನೇ ಮುಂದೆ ಮಾಡಿದೆ. ತೊಗಲಿನ ಪಟ್ಟಿಯಾಗಿ ಬಳಸಿದ್ದ ಮದುವೆಯ ಬೆಲ್ಟು ಎರಡು ಹೋಳು. ಮುಂಗೈ ಕೂದಲ ಮೇಲೆ ಹರಿತ ನೋಡಿ ನೋಡಿ, ಎಡ ಮುಂಗೈ ಹಸುಗೂಸಿನ ಕೈಯಂತಾಯಿತು. ರಾತ್ರಿ ಹನ್ನೊಂದಕ್ಕೆ ಕ್ಷೌರ ಮುಗಿದಾಗ ಗಲ್ಲದ ಎರಡು ಕಡೆ ಪಟಿಕ ಒತ್ತಿಕೊಂಡಿದ್ದೆ. ಆದರೆ ಕೆನ್ನೆ ಮಾತ್ರ, ಸುಮ್ನೆ ಹೇಳ್ತಿಲ್ಲ, ಹಲಸಿನ ಎಲೆಯಷ್ಟು ನುಣುಪು.

ನಾಮಕರಣದಲ್ಲಿ ಮಾವ ನನಗಿಂತ ಮೊದಲೇ ಬಂದು ಕೂತಿದ್ದರು. ಬಾ ಇಲ್ಲಿ ಅಂತ ಕರೆದರು. ಎಲ್ಲರೆದುರು ನನ್ನ ಗಲ್ಲ ಹಿಡಿದು, ಎಡಗೆನ್ನೆಯನ್ನು ಸಭೆಯ ಕಡೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿ ತೋರಿಸಿದರು.

"ನೋಡಿ, ಹೆಂಗಿದೆ? ನಮ್ಮ ಕಲ್ಲಿಂದು."