ಹುಡುಗಿಯರೇ ಇಲ್ಲದ ಹುಡುಗಿಯರ ಶಾಲೆಯ ಚರಿತ್ರೆ

ಕರಾವಳಿಯ ಒಂದು ಕಾನ್ವೆಂಟ್ ಹೈಸ್ಕೂಲಿನ ಸ್ಮರಣ ಸಂಚಿಕೆ (ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ) ಈಗಷ್ಟೇ ಓದಿ ಮುಗಿಸಿದೆ. ಮಿರಮಿರ ಮಿಂಚುವ ಆರ್ಟ್ ಪೇಪರ್. ಮೊದಲಿಗೆ ಬಿಷಪರ, ಮಂತ್ರಿಗಳ, ಶಾಸಕರ, ಕಾರ್ಪೊರೇಟರರ ಶುಭ ಸಂದೇಶ. ಆಮೇಲೆ ‘ಶಾಲೆ ನಡೆದು ಬಂದ ದಾರಿ’ ಅಂತ ಎರಡು ಪುಟ: ಯಾವ ಮುಖ್ಯೋಪಾಧ್ಯಾಯಿನಿ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಟ್ಟಡಕ್ಕೆ ಯಾರಿಂದ ಶಿಲಾನ್ಯಾಸ. ಮುಗಿಯಿತು! ಅಷ್ಟು ಹಳೆಯ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯಲ್ಲಿ ಒಬ್ಬಳೇ ಒಬ್ಬಳು ಹುಡುಗಿ ಇಲ್ಲ ಮಾರಾಯ್ರೆ. ಗ್ರೂಪ್ ಫೋಟೋದಲ್ಲಿ ಸಾಲಾಗಿ ನಿಂತಿದ್ದಾರೆ, ಹೆಸರಿಲ್ಲ.

ಕತೆಗೆ ಬರವಿದ್ದು ಹೀಗೆ ಬರೆದರೆ ಕ್ಷಮಿಸಬಹುದಿತ್ತು. ಮಂಗಳೂರಿನ ಸೈಂಟ್ ಆ್ಯನ್ಸ್‌ ಎಂಬ ಹುಡುಗಿಯರ ಶಾಲೆಯನ್ನೇ ನೋಡಿ. ಆಂಗ್ಲಿಕನ್ ಪಾದ್ರಿಯ ಮಗಳು ಸೋಫಿ ಲೀವ್ಸ್, 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದವರು, ಕ್ಯಾಥೊಲಿಕ್ ಆಗಿ, ಸಿಸ್ಟರ್ ಆಗಿ, 1860ರ ದಶಕದಲ್ಲಿ ಕಲ್ಲಿಕೋಟೆಯ ಶಾಲೆಯಲ್ಲಿ ದುಡಿದರು. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆ ಶುರು ಮಾಡಿದರು, ಇಲ್ಲಿನ ಶಾಲೆಗಳಿಗೆ ಪಾಠ ಹೇಳುವ ಸಿಸ್ಟರುಗಳನ್ನು ತಯಾರು ಮಾಡುವುದಕ್ಕೆ. ಮದರ್ ವೆರೋನಿಕಾ ಅಂದರೆ ಇವರೇ. 1870ರ ನವೆಂಬರಿನಲ್ಲಿ ಈ ಸಂಸ್ಥೆಯ ಮೂವರು ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ಆ ತಂಡದಲ್ಲಿ ಮದರ್ ವೆರೋನಿಕಾ ಇರಲಿಲ್ಲ. ಇವರನ್ನು ಕರೆಸಿಕೊಂಡ ಬಿಷಪ್ ಮರಿ ಎಫ್ರೆಮ್ 1873ರಲ್ಲಿ ತೀರಿಕೊಂಡರು, ಅದೇ ವರ್ಷ ಬಯೋನ್‌ನ ಮನೆಯೂ ಮುಚ್ಚಿತು. ಮೂರೇ ವರ್ಷದಲ್ಲಿ ಅತ್ತ ತವರೂ ಇಲ್ಲ, ಇತ್ತ ಆಸರೆಯೂ ಇಲ್ಲ. ಆದರೂ ಶಾಲೆ ನಡೆಯಿತು. ಹೇಗೆ? ಯಾರು ಮಕ್ಕಳನ್ನು ಕಳಿಸಿದರು? ಫೀಸು ಯಾರು ಕೊಟ್ಟರು? ಕೊಂಕಣಿ, ತುಳು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಿದ್ದು ಯಾರು? ಇದನ್ನೆಲ್ಲ ಕೇಳುವ ಬದಲು ‘ಕತ್ತಲಿದ್ದ ಊರಿಗೆ ಬೆಳಕು ತಂದರು’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಶಾಲೆಗಳನ್ನು ನಡೆಸಿದ ಪ್ರಾಟೆಸ್ಟೆಂಟ್ ಬಾಸೆಲ್ ಮಿಷನ್ನಿನವರು 1834ರಲ್ಲೇ ಇದೇ ಊರಿಗೆ ಬಂದಿದ್ದರು ಸ್ವಾಮಿ, ಅಷ್ಟೇನೂ ಕತ್ತಲಿರಲಿಲ್ಲ.

ಇನ್ನೊಂದು ಮಾಮೂಲಿ ಎಡವಟ್ಟು: ಸಂತ ಮರಿಯಂ ಬವಾರ್ದಿ ಅವರ ಚಿತ್ರ ಹಾಕಿ ‘ನಮ್ಮ ಆರಂಭದ ಶಿಕ್ಷಕಿ’ ಎನ್ನುವುದು. ಅವರು 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಹೊರಟದ್ದು ಹೊರಗೆ ಕಾಲಿಡದ, ಪ್ರಾರ್ಥನೆಯಲ್ಲೇ ಇರುವ ಕಾರ್ಮೆಲ್ ಮಠ ಕಟ್ಟಲಿಕ್ಕೆ. ಆ ಮಠಕ್ಕೆಂದು ಹೊರಟವರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಮರಿಯಂ 1871ರಲ್ಲಿ ಮಂಗಳೂರಲ್ಲಿ ವ್ರತ ಸ್ವೀಕರಿಸಿ 1872ರಲ್ಲಿ ಫ್ರಾನ್ಸಿಗೆ ಮರಳಿದರು. 2015ರಲ್ಲಿ ಸಂತ ಪದವಿ ಸಿಕ್ಕಿದ್ದೇ ತಡ, ಎಲ್ಲರಿಗೂ ಅವರು ಟೀಚರ್ ಆಗಿಬಿಟ್ಟರು. ಮಠ ಬೇರೆ, ಶಾಲೆ ಬೇರೆ. ಮಂಗಳೂರಿನ ಹಳೇ ಶಾಲೆಗಳಿಗೆ ‘ಮೈಸೂರು ಮಹಾರಾಜರ ಪ್ರೋತ್ಸಾಹ’ ಅಂಟಿಸುವವರೂ ಇದ್ದಾರೆ. 1956ರವರೆಗೆ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸಿನ ಕೆಳಗೆ. ಗ್ರ್ಯಾಂಟು, ಇನ್‌ಸ್ಪೆಕ್ಷನ್ನು, ಮಾನ್ಯತೆ ಎಲ್ಲ ಅಲ್ಲಿಂದಲೇ. ಆ ಕಾಗದ ಹುಡುಕುವವರು ಬೆಂಗಳೂರಿಗಲ್ಲ, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿಯರು ಎಲ್ಲಿದ್ದಾರೆ ಅಂತಲೂ ಹೇಳಬೇಕಲ್ಲ. ಆಫೀಸಿನ ಕಬ್ಬಿಣದ ಬೀರುವಿನಲ್ಲಿದ್ದಾರೆ. ಅಡ್ಮಿಷನ್ ರಿಜಿಸ್ಟರ್! ಇದು ಕಾಯಂ ದಾಖಲೆ, ಶಾಲೆ ಬಿಸಾಡುವ ಹಾಗಿಲ್ಲ. ಪ್ರವೇಶ ಸಂಖ್ಯೆ, ಸೇರಿದ ದಿನ, ಹೆಸರು, ತಂದೆ ಅಥವಾ ಪೋಷಕರ ಹೆಸರು, ಅವರ ಉದ್ಯೋಗ, ಊರು, ಧರ್ಮ-ಜಾತಿ, ಹುಟ್ಟಿದ ದಿನ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ತರಗತಿ, ಬಿಟ್ಟ ಕಾರಣ. ಎರಡು ಪುಟದ ಅಗಲಕ್ಕೆ ಒಬ್ಬೊಬ್ಬಳ ಸಾಲು. ತಂದೆಯ ಉದ್ಯೋಗದ ಕಾಲಂ ಒಂದನ್ನೇ ದಶಕವಾರು ಎಣಿಸಿ: ಕೃಷಿಕರೆಷ್ಟು, ಗುಮಾಸ್ತರೆಷ್ಟು, ಹಂಚಿನ ಕಾರ್ಖಾನೆಯವರೆಷ್ಟು, ಬಟ್ಲರ್‌ಗಳೆಷ್ಟು. ಶಾಲೆ ಯಾರಿಗಾಗಿ ನಡೆಯಿತು ಅನ್ನುವುದು ಅಲ್ಲೇ ಬಯಲಾಗುತ್ತದೆ. (ಬಹುಶಃ ಅದಕ್ಕೇ ಎಣಿಸುವುದಿಲ್ಲ.) ಬಿಟ್ಟ ದಿನದಿಂದ ಹುಟ್ಟಿದ ದಿನ ಕಳೆದರೆ ಬಿಟ್ಟ ವಯಸ್ಸು. ಹುಡುಗಿಯರ ಮದುವೆಗೆ ಕನಿಷ್ಠ ಹದಿನಾಲ್ಕು ಅಂತ ಮಾಡಿದ ಶಾರದಾ ಕಾಯ್ದೆ 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಮೊದಲ ಹತ್ತು ವರ್ಷ, ಆಮೇಲಿನ ಹತ್ತು ವರ್ಷ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಥೊಲಿಕ್ ಹುಡುಗಿಯರನ್ನೂ ಬೇರೆಯವರನ್ನೂ ಬೇರೆಬೇರೆಯಾಗಿ ಎಣಿಸಬೇಕು, ಇಲ್ಲದಿದ್ದರೆ ಸರಾಸರಿ ಅನ್ನುವುದು ಸುಳ್ಳು ಹೇಳುತ್ತದೆ.

ಎಡವುವುದು ಎಲ್ಲೆಂದರೆ ಲೆಕ್ಕದಲ್ಲಿ. ಪ್ರಾಥಮಿಕದಿಂದ ಹೈಸ್ಕೂಲು ಬೇರೆಯಾದಾಗ ಪ್ರವೇಶ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ. ಬಿಟ್ಟು ಮರಳಿ ಬಂದವಳಿಗೆ ಹೊಸ ಸಂಖ್ಯೆ. ಕೊನೇ ಸಂಖ್ಯೆಗಳನ್ನು ಕೂಡಿಸಿ ‘ಇಷ್ಟು ಸಾವಿರ ವಿದ್ಯಾರ್ಥಿನಿಯರು’ ಎಂದರೆ ಒಬ್ಬಳನ್ನೇ ಎರಡು ಸಲ ಎಣಿಸಿದ ಹಾಗೆ. ಹುಟ್ಟಿದ ದಿನವನ್ನೂ ಕಣ್ಣುಮುಚ್ಚಿ ನಂಬಬೇಡಿ, ಒಂದೇ ಪುಟದಲ್ಲಿ ಸಾಲಾಗಿ ಜೂನ್ 1 ಕಂಡರೆ ಅದು ದಾಖಲಾತಿಗೆ ಹೊಂದಿಸಿದ ದಿನ. ಕ್ಯಾಥೊಲಿಕ್ ಮಕ್ಕಳದಾದರೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ತಾಳೆ ನೋಡಬಹುದು. ಆದರೆ ಅಲ್ಲಿ ಮರಿಯಾ ಮಗ್ದಲೇನಾ, ಶಾಲೆಯಲ್ಲಿ ಮೇರಿ, ಮನೆಯಲ್ಲಿ ಮಗ್ಗಿ. ಒಂದೇ ದಶಕದಲ್ಲಿ ಎಷ್ಟು ಜನ ಮೇರಿ ಡಿಸೋಜ ಸಿಗುತ್ತಾರೆ ಅಂತ ಮಂಗಳೂರಿನವರಿಗೆ ನಾನು ಹೇಳಬೇಕೇ? ತಂದೆಯ ಹೆಸರು, ಫಿರ್ಗಜು (ಅಂದರೆ ಯಾವ ಇಗರ್ಜಿಗೆ ಸೇರಿದವರು ಅನ್ನುವುದು) ಎರಡೂ ಕೂಡಿಬಂದರೆ ಮಾತ್ರ ಅವಳೇ ಇವಳು ಅನ್ನಿ. ಕಂಪ್ಯೂಟರಿಗೆ ಹಾಕುವಾಗ ರಿಜಿಸ್ಟರಿನಲ್ಲಿರುವ ಕಾಗುಣಿತವನ್ನು ಹಾಗೇ ಒಂದು ಕಾಲಂನಲ್ಲಿ ಬರೆಯಿರಿ, ತಿದ್ದಿದ್ದನ್ನು ಪಕ್ಕದ ಕಾಲಂನಲ್ಲಿ. ಮೂಲವನ್ನೇ ತಿದ್ದಿಬಿಟ್ಟರೆ ಮುಂದಿನವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಸ್ಥಾಪನೆಯ ವರ್ಷದ ಕತೆಯೂ ಅಷ್ಟೇ. ಸಿಸ್ಟರುಗಳು ಬಂದ ವರ್ಷ, ತರಗತಿ ಶುರುವಾದ ವರ್ಷ, ಸರ್ಕಾರಿ ಮಾನ್ಯತೆ ಸಿಕ್ಕ ವರ್ಷ, ಹೈಸ್ಕೂಲಾದ ವರ್ಷ, ಇವು ನಾಲ್ಕೂ ಬೇರೆ. ಹಳೆಯದನ್ನು ಆರಿಸಿಕೊಂಡು ‘ಪ್ರಪ್ರಥಮ ಬಾಲಿಕಾ ಪ್ರೌಢಶಾಲೆ’ ಅಂತ ಗೇಟಿನ ಮೇಲೆ ಬರೆಸುತ್ತಾರೆ. ಮಂಗಳೂರಿನಲ್ಲೇ ಕೆನರಾದವರ ಹುಡುಗಿಯರ ಶಾಲೆ 1894ರದು, ಬೆಸೆಂಟ್ ಹುಡುಗಿಯರ ಶಾಲೆ 1918ರದು. ಯಾರು ಮೊದಲು ಅನ್ನುವ ಜಗಳ ಯಾವತ್ತೂ ಕಟ್ಟಡದ ಬಗ್ಗೆಯೇ. ಎಲ್ಲಿ ಮೊದಲ ಹುಡುಗಿ ಮೆಟ್ರಿಕ್ ಪಾಸಾದಳು, ಅವಳು ಯಾರ ಮಗಳು ಅಂತ ಒಬ್ಬರೂ ಕೇಳುವುದಿಲ್ಲ.

‘ಹಳೆಯ ದಾಖಲೆ ಎಲ್ಲಿ ಉಳಿದಿದೆ? ಗೆದ್ದಲು ತಿಂದಿದೆ’ ಅನ್ನುತ್ತಾರೆ. ಕೆಲವು ಕಡೆ ನಿಜ, ನಮ್ಮ ಮಳೆಗಾಲಕ್ಕೆ ಕಾಗದ ಬಾಳುವುದೇ ಕಷ್ಟ. ಆದರೆ ಗೆದ್ದಲಿಗಿಂತ ಹೆಚ್ಚು ಹಾಳು ಮಾಡಿದ್ದು ಸೆಲ್ಲೋಟೇಪು. ಅದರ ಅಂಟು ಕೆಲವೇ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೇಡು, ಒಮ್ಮೆ ಬಿಸಿಗೆ ಅಂಟಿದರೆ ಬಿಡಿಸಲಿಕ್ಕಾಗದು. ಬಿಸಿಲಿಗೆ ಹರಡಬೇಡಿ, ಶಾಯಿ ಮಾಸುತ್ತದೆ. ಮಳೆ ಕಳೆದ ಮೇಲೆ, ಡಿಸೆಂಬರ್–ಜನವರಿಯ ಒಣ ದಿನಗಳಲ್ಲಿ, ಕೈ ತೊಳೆದು ಒರೆಸಿಕೊಂಡು, ಮೆತ್ತಗಿನ ಬ್ರಶ್ಶಿನಿಂದ ಧೂಳು ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಪುಟಕ್ಕೊಂದು ಫೋಟೋ. ಫೈಲಿಗೆ ಆ ಪುಟದ ಮೊದಲ ಮತ್ತು ಕೊನೆಯ ಪ್ರವೇಶ ಸಂಖ್ಯೆಯನ್ನೇ ಹೆಸರಿಡಿ. ಬೈಂಡು ಬಿಗಿಯಾಗಿದ್ದರೆ ಪುಸ್ತಕವನ್ನು ಒತ್ತಿ ಚಪ್ಪಟೆ ಮಾಡಬೇಡಿ, ಎರಡೂ ಬದಿಗೆ ದಿಂಬು ಕೊಡಿ. ಖರ್ಚು? ಒಂದು ಪುಟದ ಜಾಹೀರಾತಿನ ದುಡ್ಡು ಸಾಕು.

‘ಸಿಸ್ಟರುಗಳು ಹೆಸರಿಗೆ ಆಸೆಪಟ್ಟವರಲ್ಲ, ಹಾಗಾಗಿ ಬರೆದಿಡಲಿಲ್ಲ’ ಎಂಬ ಇನ್ನೊಂದು ಮಾತಿದೆ. ನನಗೆ ಪಿತ್ತ ನೆತ್ತಿಗೇರುವುದೇ ಇಲ್ಲಿ. ಹೆಸರಿಗೆ ಆಸೆಪಡದವರ ಹೆಸರಷ್ಟೇ ಹೇಗೆ ಅಚ್ಚಾಯಿತು ಹಾಗಾದರೆ? ಅವರು ಬರೆದಿಟ್ಟಿದ್ದಾರೆ. ಕಾನ್ವೆಂಟುಗಳಲ್ಲಿ ಮನೆಯ ದಿನಚರಿ ಇರುತ್ತದೆ, ಮೇಲಧಿಕಾರಿ ಮದರ್ ಅವರಿಗೆ ಲಿಖಿತ ಮನವಿ ಕೊಟ್ಟು, ಯಾವ ವರ್ಷದ್ದು, ಏಕೆ ಅಂತ ಸ್ಪಷ್ಟವಾಗಿ ಕೇಳಬೇಕು. ಇನ್‌ಸ್ಪೆಕ್ಟರರ ಷರಾ ಪುಸ್ತಕವೂ ಇರುತ್ತದೆ. ಸಂಬಳದ ರಿಜಿಸ್ಟರಿನಲ್ಲಿ ಸಿಸ್ಟರುಗಳಲ್ಲದ ಟೀಚರುಗಳಿದ್ದಾರೆ, ಕನ್ನಡ ಪಂಡಿತರಿದ್ದಾರೆ, ಆಯಾಗಳಿದ್ದಾರೆ. ಮಂಗಳೂರಿನಲ್ಲಿ 1912ರಲ್ಲಿ ಶುರುವಾದ ‘ಕೊಂಕಣಿ ದಿರ್ವೆಂ’, 1938ರ ‘ರಾಕ್ಣೊ’ ಈ ಕೊಂಕಣಿ ಪತ್ರಿಕೆಗಳ ಹಳೆಯ ಸಂಚಿಕೆ ತಿರುವಿ ನೋಡಿ, ಶಾಲೆಗಳ ಸುದ್ದಿ ಸಿಗದಿದ್ದರೆ ಆಮೇಲೆ ನನ್ನನ್ನು ಬೈಯಿರಿ.

ಒಂದು ಎಚ್ಚರಿಕೆ. ಬದುಕಿರುವವರ ಹುಟ್ಟಿದ ದಿನ, ಜಾತಿ, ಬಿಟ್ಟ ಕಾರಣ ಅಚ್ಚು ಮಾಡುವ ವಸ್ತುವಲ್ಲ. ಹತ್ತಿರದ ದಶಕಗಳದ್ದು ಬರೀ ಅಂಕಿಯಾಗಿ ಬರಲಿ, ಹೆಸರು ಬೇಕಾದರೆ ಅವರನ್ನೋ ಮನೆಯವರನ್ನೋ ಕೇಳಿ ಹಾಕಿ. ಈ ಪೋಸ್ಟ್ ಓದಿದ ಉತ್ಸಾಹದಲ್ಲಿ ನಾಳೆ ಯಾರಾದರೂ ರಿಜಿಸ್ಟರಿನ ಪುಟವನ್ನು ಹಳೆ ವಿದ್ಯಾರ್ಥಿನಿಯರ ವಾಟ್ಸ್‌ಆ್ಯಪ್ ಗ್ರೂಪಿಗೆ ತೂರಿದರೆ ಅದಕ್ಕೆ ನಾನು ಹೊಣೆಯಲ್ಲ.