ನಾಳೆ ಬಾ ಲೀಗ್

ಅಂತರ್ಜಾಲದ ಚೆಸ್ ಲೀಗ್‌ಗಳಲ್ಲಿ ಒಂದು ಹೊಸ ಜಾತಿಯ ಪ್ರತಿಭಾವಂತರು ಹುಟ್ಟಿಕೊಂಡಿದ್ದಾರೆ. ಇವರು ಕಾಯಿ ಮುಟ್ಟುವುದಿಲ್ಲ. ಸಂದೇಶ ಕಳಿಸುತ್ತಾರೆ, ಅದರ ಸ್ಕ್ರೀನ್‌ಶಾಟ್ ತೆಗೆದಿಡುತ್ತಾರೆ, ಭಾನುವಾರ ರಾತ್ರಿ ಅದನ್ನು ಸಂಘಟಕರ ಮುಂದೆ ಮಂಡಿಸಿ ಒಂದು ಪೂರ್ಣ ಅಂಕ ಎತ್ತಿಕೊಂಡು ಹೋಗುತ್ತಾರೆ. ಅಂಕಪಟ್ಟಿಯಲ್ಲಿ ಇವರು ಮೇಲೇರುವ ವೇಗ ನೋಡಿದರೆ, ನಾವೆಲ್ಲ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳನ್ನು, ಕಲಿಯಲು ವ್ಯರ್ಥವಾಗಿ ನಿದ್ದೆಗೆಟ್ಟೆವಲ್ಲ ಎನಿಸುತ್ತದೆ.

ವ್ಯವಸ್ಥೆ ಸರಳ. ಸೋಮವಾರ ಜೋಡಿಗಳ ಪಟ್ಟಿ ಬರುತ್ತದೆ. ‘ಇಬ್ಬರೂ ಮಾತಾಡಿಕೊಂಡು ಅನುಕೂಲವಾದ ಸಮಯ ಗೊತ್ತುಮಾಡಿಕೊಳ್ಳಿ, ವಾರದೊಳಗೆ ಆಡಿ ಮುಗಿಸಿ’ ಎಂದು ಸಂಘಟಕರು ಕೈತೊಳೆದುಕೊಳ್ಳುತ್ತಾರೆ. ಆಟಕ್ಕೆ ಬೇಕಾದದ್ದು ಹೆಚ್ಚೆಂದರೆ ಮೂರು ಗಂಟೆ. ಕೊಟ್ಟಿರುವುದು ಏಳು ದಿನ. ಆದರೂ ಸಾಲುವುದಿಲ್ಲ.

ನೀವು ಸೋಮವಾರವೇ ಸಭ್ಯವಾಗಿ ಬರೆಯುತ್ತೀರಿ: ನಮಸ್ಕಾರ, ಈ ವಾರ ನಿಮ್ಮ ಎದುರಾಳಿ ನಾನು, ಬೆಂಗಳೂರಿನಲ್ಲಿದ್ದೇನೆ, ಬುಧವಾರ ಅಥವಾ ಶುಕ್ರವಾರ ರಾತ್ರಿ ಒಂಬತ್ತು ಆಗಬಹುದೇ? ಉತ್ತರವಿಲ್ಲ. ಎರಡು ದಿನದೊಳಗೆ ಎದುರಾಳಿಯನ್ನು ಸಂಪರ್ಕಿಸಬೇಕೆಂಬ ನಿಯಮವಿದ್ದರೆ, ಆ ಗಡುವು ಮುಗಿಯಲು ಹತ್ತು ನಿಮಿಷ ಇರುವಾಗ ಆ ಕಡೆಯಿಂದ ಒಂದು ಪದ ಬರುತ್ತದೆ: ‘ಹಾಯ್’. ಇದನ್ನು ಸ್ನೇಹದ ಕುರುಹು ಎಂದು ತಿಳಿಯುವವರು ಅಮಾಯಕರು. ಅದು ಕಾನೂನು ದಾಖಲೆ. ಸಂಪರ್ಕಿಸಿದ್ದು ಸಾಬೀತಾಯಿತು, ಸಮಯದ ಮಾತೆತ್ತಬೇಕೆಂದು ನಿಯಮ ಹೇಳಿಲ್ಲ.

ಇಷ್ಟರಲ್ಲಿ ಎದುರಾಳಿಗೆ ಬಿಡುವಿಲ್ಲವೆಂದು ನೀವು ಕನಿಕರಪಟ್ಟಿರುತ್ತೀರಿ. ಬೇಡ. ಲಿಚೆಸ್‌ನಂಥ ಚೆಸ್ ಆಡುವ ಜಾಲತಾಣದಲ್ಲಿ ಆಟಗಾರನ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿದ್ದರೆ ಅವನು ಅಲ್ಲೇ ಇದ್ದಾನೆಂದು ಅರ್ಥ. ಅವನು ಆಡುತ್ತಿರುವ ಆಟವನ್ನು ಯಾರು ಬೇಕಾದರೂ ಕುಳಿತು ನೋಡಬಹುದು. ನಾನೂ ನೋಡಿದ್ದೇನೆ. ಮೂರು ಗಂಟೆ ಹೊಂದಿಸಲಾಗದ ಮಹಾನುಭಾವರು ಒಂದೊಂದು ನಿಮಿಷದ ಬುಲೆಟ್ ಆಟಗಳನ್ನು ಒಂದರ ಹಿಂದೊಂದು, ನೀರು ಕುಡಿಯಲೂ ಏಳದೆ, ಬೆಳಗಿನ ಜಾವದವರೆಗೆ ಆಡುತ್ತಿದ್ದರು. ಸೋತರೆ ತಕ್ಷಣ ಇನ್ನೊಂದು, ಗೆದ್ದರೆ ಮತ್ತೊಂದು. ಪರಿಚಯವೇ ಇಲ್ಲದವರ ಮರುಪಂದ್ಯದ ಕೋರಿಕೆಗೆ ಅರ್ಧ ಸೆಕೆಂಡಿನಲ್ಲಿ ಒಪ್ಪಿಗೆ. ನನ್ನ ಸಂದೇಶ ಮಾತ್ರ ಅದೇ ಪರದೆಯ ಮೂಲೆಯಲ್ಲಿ ಕೆಂಪು ಅಂಕಿಯಾಗಿ ಕುಳಿತಿತ್ತು. ಅವರ ಕುದುರೆ ತಪ್ಪು ಮನೆಗೆ ಹಾರಿದಾಗ ನನಗೆ ಅತೀವ ಸಂತೋಷವಾಯಿತು ಎಂಬುದನ್ನು ಮುಚ್ಚಿಡಲಾರೆ.

ಇನ್ನೊಂದು ಬಗೆಯವರು ಕೂಡಲೇ ಉತ್ತರಿಸುತ್ತಾರೆ: ‘ಯಾವಾಗಾದರೂ ಸರಿ!’ ನನ್ನ ಮಟ್ಟಿಗೆ ಉತ್ತರಿಸದವರಿಗಿಂತ ಇವರೇ ಅಪಾಯಕಾರಿ. ಬುಧವಾರ ಎಂದರೆ ‘ಬುಧವಾರ ಒಂದು ಬಿಟ್ಟು’. ಗುರುವಾರ ಎಂದರೆ ‘ನಾಳೆ ಹೇಳುತ್ತೇನೆ’. 1990ರ ದಶಕದಲ್ಲಿ ನಮ್ಮ ಕಡೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ದೆವ್ವ ದಿನವೂ ಬಂದು, ಓದಿ, ಒಪ್ಪಿಕೊಂಡು ಹಿಂದಿರುಗುತ್ತಿತ್ತಂತೆ. ಲೀಗ್ ಆಟಗಾರನೂ ಅಷ್ಟೇ ಸಾಕ್ಷರ, ಅಷ್ಟೇ ವಿಧೇಯ.

ಮೇಲಿಂದ ಗಡಿಯಾರದ ಕಾಟ. ನಮ್ಮ ರಾತ್ರಿ ಒಂಬತ್ತು ಗಂಟೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಾದರೆ ಬೆಳಗಿನ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಆ ‘ವರೆ’ಯನ್ನು ಹೊರಗಿನವರು ನಂಬುವುದೇ ಇಲ್ಲ, ಒಂದು ದೇಶದ ಗಡಿಯಾರ ಅರ್ಧ ಗಂಟೆ ಆಚೀಚೆ ಇರಬಹುದೆಂಬುದನ್ನು ನಮ್ಮದೇ ತಪ್ಪು ಲೆಕ್ಕವೆಂದು ತಿದ್ದಿಕೊಂಡು, ಅರ್ಧ ಗಂಟೆ ಮೊದಲೇ ಬಂದು, ಕಾದು, ಸ್ಕ್ರೀನ್‌ಶಾಟ್ ತೆಗೆದು ಹೊರಟುಹೋಗುತ್ತಾರೆ. ಗ್ರೀನಿಚ್ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದಾದರೆ ನೇಪಾಳದವರು ಐದೂಮುಕ್ಕಾಲು, ಅವರ ಪಾಡು ಅವರಿಗೇ ಗೊತ್ತು. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಆ ವಾರಗಳು ವಾಕೋವರ್ ಬೆಳೆಗೆ, ಅಂದರೆ ಎದುರಾಳಿ ಬಾರದೆ ಆಡದೆಯೇ ಸಿಗುವ ಗೆಲುವಿಗೆ, ಸುಗ್ಗಿ.

ತಂತ್ರಜ್ಞಾನ ಸಾಲದು ಎಂದು ದೂರುವಂತಿಲ್ಲ. 1897ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಸದಸ್ಯರೂ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರೂ ಅಟ್ಲಾಂಟಿಕ್ ಅಡಿಯ ತಂತಿಯ ಮೂಲಕ ಐದು ಬೋರ್ಡುಗಳಲ್ಲಿ ಚೆಸ್ ಆಡಿ ಎರಡೂವರೆ-ಎರಡೂವರೆಗೆ ಸಮ ಮಾಡಿಕೊಂಡರು. ಹತ್ತು ಮಂದಿ ರಾಜಕಾರಣಿಗಳು, ಎರಡು ಖಂಡ, ಒಂದೇ ಹೊತ್ತು! 1965ರಲ್ಲಿ ಕ್ಯೂಬಾದ ಹವಾನಾದಲ್ಲಿ ನಡೆದ ಕ್ಯಾಪಬ್ಲಾಂಕಾ ಸ್ಮಾರಕ ಟೂರ್ನಿಗೆ ಹೋಗಲು ಅಮೆರಿಕದ ಚೆಸ್ ಆಟಗಾರ ಬಾಬಿ ಫಿಷರ್‌ಗೆ ಅಮೆರಿಕ ಸರ್ಕಾರ ಅನುಮತಿ ಕೊಡಲಿಲ್ಲ. ಆತ ನ್ಯೂಯಾರ್ಕಿನ ಮಾರ್ಷಲ್ ಚೆಸ್ ಕ್ಲಬ್ಬಿನಲ್ಲಿ ಕುಳಿತು ಟೆಲಿಟೈಪ್ ಎಂಬ ತಂತಿ ಸಂದೇಶದ ಯಂತ್ರದ ಮೂಲಕವೇ ಆಡಿ ಎರಡನೇ ಸ್ಥಾನ ಹಂಚಿಕೊಂಡ. ಕ್ಯೂಬಾದಲ್ಲಿನ ಸೋವಿಯತ್ ಕ್ಷಿಪಣಿಗಳಿಂದ ಯುದ್ಧದಂಚಿಗೆ ತಂದ ಬಿಕ್ಕಟ್ಟು ಕಳೆದು ಆಗ ಮೂರೇ ವರ್ಷವಾಗಿತ್ತು. ಮುಂದೆ 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಪಂದ್ಯಕ್ಕೆ ಬಾರದೆ ಅಂಕ ಕಳೆದುಕೊಂಡವನೂ ಅದೇ ಫಿಷರ್. ಆದರೆ ಕ್ಯಾಮೆರಾ ತೆಗೆಸಿ ಎಂದು ಅವನು ಜಗತ್ತಿಗೆಲ್ಲ ಕೇಳುವಂತೆ ಜಗಳವಾದರೂ ಆಡಿದ್ದ. ನಮ್ಮ ಎದುರಾಳಿಗಳಿಂದ ಆ ಜಗಳದ ಸೌಜನ್ಯವನ್ನೂ ನಿರೀಕ್ಷಿಸುವಂತಿಲ್ಲ.

ಭಾನುವಾರ ರಾತ್ರಿ ನ್ಯಾಯಾಲಯ ಸೇರುತ್ತದೆ. ಸಂಘಟಕರು ಪಾಪ, ಸಂಬಳವಿಲ್ಲದ ಕೆಲಸ ಮಾಡುವವರು. ಅವರ ಮುಂದೆ ಎರಡು ರಾಶಿ ಸ್ಕ್ರೀನ್‌ಶಾಟ್. ‘ನಾನು ನಾಲ್ಕು ಸಮಯ ಸೂಚಿಸಿದ್ದೆ’ ಎಂದು ಒಬ್ಬ. ‘ನಾಲ್ಕೂ ನನ್ನ ನಡುರಾತ್ರಿ’ ಎಂದು ಇನ್ನೊಬ್ಬ. ಯಾರು ಹೆಚ್ಚು ಹಂಬಲಿಸಿದರು ಎಂಬುದನ್ನು ತೂಗಿ ತೀರ್ಪು; ತೂಕ ಸಮವಾದರೆ ನಾಣ್ಯ ಚಿಮ್ಮುಗೆ. ಅದೃಷ್ಟಕ್ಕೆ ಜಾಗವೇ ಇಲ್ಲದ ಆಟವೆಂದು ನಾವು ಹೆಮ್ಮೆಪಡುವ ಚೆಸ್ಸಿನ ಫಲಿತಾಂಶ ಹೀಗೆ ತಲೆಯೋ ಬಾಲವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಷ್ಟು ಶ್ರಮಕ್ಕೆ ಮನ್ನಣೆ ಬೇಡವೇ? ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್, ಮೂರು ನಾರ್ಮ್ (ಟೂರ್ನಿಗಳಲ್ಲಿ ನಿಗದಿತ ಮಟ್ಟದ ಸಾಧನೆ) ಬೇಕು. ಅದೇ ಮಾದರಿಯಲ್ಲಿ ‘ವಾಕೋವರ್ ಮಾಸ್ಟರ್’ ಪದವಿಯನ್ನು ಸ್ಥಾಪಿಸಬೇಕೆಂದು ನನ್ನ ನಮ್ರ ಸಲಹೆ. ಒಂದೇ ಒಂದು ‘ಹಾಯ್’ನಿಂದ ಪಂದ್ಯ ಗೆದ್ದವರಿಗೆ ಮೊದಲ ನಾರ್ಮ್. ಎದುರಾಳಿಯನ್ನು ಅವನ ಸ್ಥಳೀಯ ಕಾಲಮಾನ ಬೆಳಗಿನ ಮೂರು ಗಂಟೆಗೆ ಕಾಯಿಸಿ ತಾವು ಮಲಗಿದವರಿಗೆ ಎರಡನೆಯದು. ಎದುರಾಳಿಯೇ ಕ್ಷಮೆ ಕೇಳುವಂತೆ ಮಾಡಿದವರಿಗೆ ಮೂರನೆಯದು. ಪದವಿ ಪ್ರದಾನ ಸಮಾರಂಭದ ದಿನ ಮತ್ತು ವೇಳೆಯನ್ನು ಅರ್ಹ ಅಭ್ಯರ್ಥಿಗಳು ಪರಸ್ಪರ ಮಾತಾಡಿಕೊಂಡು ತಾವೇ ನಿಗದಿಪಡಿಸಿಕೊಳ್ಳತಕ್ಕದ್ದು.