ಭಾವಚಿತ್ರದ ಹಿಂಬದಿಯ ಹೆಸರುಗಳು

ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಅಗಲಿದವರಿಗಾಗಿ ಒಂದು ನಿಮಿಷ ಮೌನ ಆಚರಿಸಿದರೆ ಸಾಕೇ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿರುವ ಪ್ರಶ್ನೆ ನನ್ನನ್ನೂ ಬಹಳ ಕಾಲದಿಂದ ಕಾಡುತ್ತಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು, ಮಹಾರಾಜ ಕಾಲೇಜಿನಲ್ಲಿ ಓದಿ ಮುಂದೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಯಾದ ಕುವೆಂಪು ಅವರನ್ನು ಮರೆಯುವಂತೆಯೇ ಇಲ್ಲ. ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂಬುದು ಅವರೇ ಇಟ್ಟ ಹೆಸರು, ಅಲ್ಲಿನ ಕನ್ನಡ ಅಧ್ಯಯನ ಸಂಸ್ಥೆಗೆ ಈಗ ಅವರದೇ ಹೆಸರು.

ಹೆಸರು ಮಾಡದವರ ಗತಿಯೇನು? ನನ್ನ ಎಂ.ಎ. ತರಗತಿಯ ಭಾವಚಿತ್ರದ ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದಿಟ್ಟಿದ್ದೇನೆ; ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ ಪಕ್ಕದಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಡುತ್ತೇನೆ. ಈಗ ಚುಕ್ಕೆಗಳು 11. ಅವರಲ್ಲೊಬ್ಬ ಹಳ್ಳಿಯ ಪ್ರೌಢಶಾಲೆಯಲ್ಲೇ ಪಾಠ ಹೇಳಿ ನಿವೃತ್ತನಾದವನು. ಅವನು ಹೋದದ್ದು ನಮಗೆ ತಿಳಿದದ್ದು ಎರಡು ವರ್ಷಗಳ ನಂತರ, ಅದೂ ಮದುವೆಯ ಆಮಂತ್ರಣವೊಂದು ವಿಳಾಸದಾರರಿಲ್ಲವೆಂದು ಹಿಂತಿರುಗಿ ಬಂದಾಗ.

ಆಕ್ಸ್‌ಫರ್ಡಿನ ನ್ಯೂ ಕಾಲೇಜು ಮೊದಲ ಮಹಾಯುದ್ಧದಲ್ಲಿ ಎದುರು ಪಕ್ಷದಲ್ಲಿ ಕಾದಾಡಿ ಮಡಿದ ತನ್ನ ಜರ್ಮನ್ ವಿದ್ಯಾರ್ಥಿಗಳ ಹೆಸರನ್ನೂ ಪ್ರಾರ್ಥನಾಮಂದಿರದ ಫಲಕದಲ್ಲಿ ಕೆತ್ತಿಸಿದೆ. ನಮ್ಮ ಸಂಘಗಳಿಗೆ ಕಲ್ಲಿನ ಫಲಕವೇ ಬೇಕೆಂದಿಲ್ಲ (ಅದರ ಅನಾವರಣಕ್ಕೆ ಮಂತ್ರಿಗಳ ದಿನಾಂಕ ಕಾಯುವುದೂ ತಪ್ಪುತ್ತದೆ). ವಾರ್ಷಿಕ ವರದಿಯಲ್ಲಿ ಹೆಸರು, ಊರು, ಓದಿದ ವರ್ಷ ಅಚ್ಚಾಗಲಿ, ಅದರ ಒಂದು ಪ್ರತಿ ಮೃತರ ಮನೆಗೂ ತಲುಪಲಿ.